ಮರುಭೂಮಿಯ ಹೊಂಬಣ್ಣದ ಕುದುರೆ

ಮಾನ್ಯರೇ,

ವಿಜಯನಗರದ ಅರಸರು ಅರಬ್ಬಿ ಕುದುರೆಗಳಿಗೆ ಅಪಾರ ಹಣ ಸುರಿದ ಕಥೆಯನ್ನು ಶಾಲೆಯಲ್ಲೇ ಓದಿದ ನಮಗೆ, ತುರ್ಕಮೆನಿಸ್ತಾನದ ಅಖಾಲ್-ತೆಕೆ ಎಂಬ ಅಪರೂಪದ ತಳಿಯ ಪರಿಚಯ ಅಷ್ಟಾಗಿ ಇಲ್ಲ. ಕಾರಾಕುಂ ಮರುಭೂಮಿಯ ಅಂಚಿನ ಅಖಾಲ್ ಓಯಸಿಸ್‌ ಮತ್ತು ಅಲ್ಲಿ ನೆಲೆಸಿದ್ದ ತೆಕೆ ಬುಡಕಟ್ಟಿನಿಂದ ಇದಕ್ಕೆ ಈ ಹೆಸರು ಬಂದಿದೆ. ಹಗಲಿನ ಉರಿಬಿಸಿಲಿಗೂ ರಾತ್ರಿಯ ಚಳಿಗೂ ಒಗ್ಗಿದ, ತೆಳ್ಳನೆಯ ಮೈಯ, ನೀಳ ಕತ್ತಿನ ಈ ಪ್ರಾಣಿಯ ಕೂದಲಿಗೆ ಲೋಹದಂಥ ಹೊಳಪಿದ್ದು, ಕೆಲವಂತೂ ಬಿಸಿಲಿನಲ್ಲಿ ಥೇಟ್ ಚಿನ್ನದ ಎರಕದಂತೆ ಕಾಣುತ್ತವೆ.

ನನಗೆ ಸೌಂದರ್ಯಕ್ಕಿಂತ ದೊಡ್ಡದಾಗಿ ಕಾಣುವುದು ಇದರ ತಾಳಿಕೆ. 1935ರಲ್ಲಿ ತುರ್ಕಮೆನ್ ಸವಾರರು ತಮ್ಮ ರಾಜಧಾನಿ ಅಶ್ಗಾಬಾದ್‌ನಿಂದ ಮಾಸ್ಕೋವರೆಗೆ, ಕಾರಾಕುಂ ಮರಳುಗಾಡನ್ನೂ ದಾಟಿ, 4,000 ಕಿಲೋಮೀಟರ್‌ಗೂ ಹೆಚ್ಚಿನ ದೂರವನ್ನು 84 ದಿನಗಳಲ್ಲಿ ಕ್ರಮಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇದೇ ತಳಿಯ ಅಬ್ಸೆಂಟ್ ಎಂಬ ಕಪ್ಪು ಕುದುರೆ, ಸೋವಿಯತ್ ಸವಾರ ಸೆರ್ಗೈ ಫಿಲಾತೊವ್‌ಗೆ ಡ್ರೆಸಾಜ್‌ನಲ್ಲಿ (ಪಳಗಿದ ಕುದುರೆಯ ನಡಿಗೆ, ಚಲನೆಗಳ ಸ್ಪರ್ಧೆ) ಚಿನ್ನ ತಂದಿತು. ಹೀಗಿದ್ದೂ ಸೋವಿಯತ್ ಆಡಳಿತ ಕುದುರೆಗಳನ್ನು ಕಸಾಯಿಖಾನೆಗೆ ಕಳುಹಿಸಿದ್ದರಿಂದ ಇವುಗಳ ಸಂಖ್ಯೆ ತೀವ್ರವಾಗಿ ಕುಸಿದದ್ದು, ಗೆದ್ದು ತಂದ ಪದಕದ ಪಕ್ಕದಲ್ಲಿಟ್ಟು ನೋಡಿದರೆ, ವಿಚಿತ್ರವೇ ಸರಿ.

1991ರಲ್ಲಿ ಸ್ವತಂತ್ರವಾದ ತುರ್ಕಮೆನಿಸ್ತಾನವು ಇದನ್ನು ತನ್ನ ರಾಷ್ಟ್ರಲಾಂಛನದ ನಡುವೆ ಇರಿಸಿಕೊಂಡಿದೆ. ಏಪ್ರಿಲ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಕುದುರೆಗಳ ಹಬ್ಬವೂ ನಡೆಯುತ್ತದೆ. ನಮ್ಮ ಥಾರ್ ಮರುಭೂಮಿಯ, ಕಿವಿತುದಿಗಳು ಒಂದಕ್ಕೊಂದು ತಾಗುವ ಮಾರವಾಡಿ ಕುದುರೆಯ ಜೊತೆಗೆ ಈ ತಳಿಯ ಬಗ್ಗೆಯೂ ತಮ್ಮ ಪತ್ರಿಕೆ ಸಚಿತ್ರ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ