ಸುಣ್ಣ ಹಿಂದಿರುಗುತ್ತದೆ, ಹಿಟ್ಟು ಹಿಂದಿರುಗದು

ಮಾನ್ಯ ಸಂಪಾದಕರೇ,

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ವಾರ ವಿಜ್ಞಾನದ ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದು ತೋರಿಸಿದಳು. ಗಿರಣಿಯಲ್ಲಿ ಜೋಳ ಬೀಸುವುದು ಭೌತ ಬದಲಾವಣೆ ಎಂದು ಆಕೆ ಬರೆದಿದ್ದ ಉತ್ತರಕ್ಕೆ, ಹಿಟ್ಟು ಮತ್ತೆ ಕಾಳಾಗದ ಕಾರಣ ಅದು ರಾಸಾಯನಿಕ ಬದಲಾವಣೆ ಎಂದು ಷರಾ ಬರೆದು ಅಂಕ ಕಳೆಯಲಾಗಿತ್ತು. ಒಂದು ಅಂಕದ ಮಾತು ದೊಡ್ಡದೇನಲ್ಲ. ಹಿಂದಿರುಗಿಸಲು ಬಂದರೆ ಭೌತ, ಬಾರದಿದ್ದರೆ ರಾಸಾಯನಿಕ ಎಂಬ ಬಾಯಿಪಾಠದ ಸೂತ್ರದಿಂದ 'ಸಾಮಾನ್ಯವಾಗಿ' ಎಂಬ ಪದ ಎಲ್ಲೋ ಉದುರಿಹೋಗಿರುವುದು ಮಾತ್ರ ಯೋಚಿಸಬೇಕಾದ ಸಂಗತಿ. (ಶಿಕ್ಷಕನಾಗಿದ್ದಾಗ ಮೊದಮೊದಲು ನಾನೂ ಇದನ್ನೇ ಹಲಗೆಯ ಮೇಲೆ ಬರೆಸಿದ್ದೇನೆ.)

ಹೊಸ ವಸ್ತು ಹುಟ್ಟಿತೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಬೀಸಿದ ಮೇಲೂ ಜೋಳದ ಪಿಷ್ಟ ಪಿಷ್ಟವಾಗಿಯೇ ಇರುತ್ತದೆ. ಅದೇ ಹಿಟ್ಟಿನ ರೊಟ್ಟಿ ಹಂಚಿನ ಮೇಲೆ ಕಂದು ಚುಕ್ಕೆ ಬಿಡುವಾಗ ಹೊಸ ಬಣ್ಣ, ಹೊಸ ಘಮದ ವಸ್ತುಗಳು ಹುಟ್ಟುತ್ತವೆ. ಧಾರವಾಡದ ಫೇಡೆಯಲ್ಲಂತೂ ಹಾಲಿನ ನೀರು ಬತ್ತುವುದೂ ಖೋವಾ ಹುರಿದು ಕೆಂಪಗಾಗುವುದೂ ಒಂದರೊಳಗೊಂದು ಬೆರೆತಿರುವುದರಿಂದ ನಡುವೆ ಗೆರೆ ಎಳೆಯುವುದೇ ಕಷ್ಟ.

ಸೂತ್ರ ಪೂರ್ತಿ ಮುಗ್ಗರಿಸುವುದು ಸುಣ್ಣದ ಮುಂದೆ. ನಮ್ಮ ಬಾಲ್ಯದಲ್ಲಿ ಹಬ್ಬಕ್ಕೆ ಮೊದಲು ಹಿತ್ತಲಿನ ಹಳೆಯ ಹರವಿಯಲ್ಲಿ ಸುಣ್ಣದ ಹರಳು ಹಾಕಿ ನೀರು ಹೊಯ್ಯುತ್ತಿದ್ದರು. ಕೆಳಗೆ ಬೆಂಕಿಯಿಲ್ಲದೆಯೇ ಹರಳು ಬಿರಿದು, ನೀರು ಕೊತಕೊತ ಕುದಿದು ಆವಿ ಏಳುತ್ತಿತ್ತು. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಣ್ಣದ ಕಲ್ಲು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟಾಗ ಈ ಹರಳು ಸಿಗುತ್ತದೆ. ಶುದ್ಧ ಕಲ್ಲು 100 ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ. ನೀರು ಕುಡಿದು ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಮೊದಲಿನ ಕಲ್ಲಿನ ವಸ್ತುವೇ ಆಗಿ ಗಟ್ಟಿಯಾಗುತ್ತದೆ. ಮೂರೂ ಹಂತ ಅಪ್ಪಟ ರಾಸಾಯನಿಕ. ಆದರೂ ಹೊರಟಲ್ಲಿಗೇ ಬಂದು ನಿಂತಂತಾಯಿತು.

ಆದ್ದರಿಂದ ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರು 'ಯಾವ ಬದಲಾವಣೆ?' ಎಂದಷ್ಟೇ ಕೇಳದೆ 'ಏಕೆ?' ಎಂದೂ ಕೇಳಿ, ಮಗು ಕೊಟ್ಟ ಕಾರಣಕ್ಕೆ ಅರ್ಧ ಅಂಕವನ್ನಾದರೂ ಮೀಸಲಿಡಬೇಕೆಂದು ವಿನಂತಿಸುತ್ತೇನೆ. ಸುಣ್ಣ ಅರಳಿಸುವುದನ್ನು ಶಾಲೆಯ ಅಂಗಳದಲ್ಲಿ ಶಿಕ್ಷಕರೇ ಮಾಡಿ ತೋರಿಸಬಹುದು. ಅದು ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳು ದೂರ ನಿಂತೇ ನೋಡಲಿ.

ಇತಿ,
ಒಬ್ಬ ನಿವೃತ್ತ ಶಿಕ್ಷಕ
ಬೆಟಗೇರಿ, ಗದಗ