ಜನರೇಟರ್ ಎಲ್ಲಿ ಕೂರಬೇಕು: ಈ ಮಳೆಗಾಲದಿಂದ ನಮ್ಮ ಹೊಸ ಪದ್ಧತಿ

ಪ್ರಿಯ ಗ್ರಾಹಕರೆ,

ನಮಸ್ಕಾರ. ಈ ಮಳೆಗಾಲದಿಂದ ನಮ್ಮ ಅಂಗಡಿಯಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಮನೆಗೆ ಬಂದು ಜಾಗ ನೋಡದೆ ಇನ್ನು ಮುಂದೆ ಜನರೇಟರ್ ಕಳಿಸುವುದಿಲ್ಲ. ಜಗಲಿ, ಕೊಟ್ಟಿಗೆ, ಅಟ್ಟದ ಕೆಳಗೆ, ಮನೆಗೆ ಅಂಟಿದ ಕಾರ್ ಶೆಡ್ಡು, ಇಲ್ಲಿ ಕೂರಿಸಿ ಕೊಡಿ ಎಂದರೆ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಚೇಂಜ್ ಓವರ್ ಸ್ವಿಚ್ (ಮನೆಯನ್ನು ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುವ ಸ್ವಿಚ್), ಅರ್ಥಿಂಗ್, ಹೊಗೆ ಪೈಪ್ ಮೂರೂ ಮಷಿನ್ ಜೊತೆಗೇ ಬರುತ್ತವೆ. "ಅದೆಲ್ಲ ಆಮೇಲೆ ನೋಡೋಣ, ಈಗ ಮಷಿನ್ ಕೊಡಿ" ಎಂದರೆ ಆಗುವುದಿಲ್ಲ. ಇದರಿಂದ ಖರ್ಚು ಜಾಸ್ತಿ ಬೀಳುತ್ತದೆ, ಒಂದೆರಡು ವಾರ ತಡವೂ ಆಗುತ್ತದೆ. ಹಾಗಾಗಿ ಕಾರಣ ಬಿಡಿಸಿ ಹೇಳುತ್ತೇವೆ.

ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಬೇಸಿಗೆಯ ಮನೆಯೇ ಬೇರೆ, ಮಳೆಗಾಲದ ಮನೆಯೇ ಬೇರೆ. ಏಪ್ರಿಲ್‌ನಲ್ಲಿ ನೋಡಿದರೆ ಜಗಲಿಗೆ ಮೂರು ಕಡೆಯಿಂದ ಗಾಳಿ ಆಡುತ್ತಿರುತ್ತದೆ. ಅಲ್ಲಿ ಜನರೇಟರ್ ಇಟ್ಟರೆ ಏನಾಗುತ್ತೆ ಅನ್ನಿಸುತ್ತದೆ. ಜೂನ್ ಬಂದರೆ ಎರಚಲು ಬಡಿಯದ ಹಾಗೆ ಅದೇ ಜಗಲಿಗೆ ಸೋಗೆ ತಟ್ಟಿ ಕಟ್ಟುತ್ತೇವೆ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಕಿಟಕಿ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಗಾಳಿಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದೂ ಆಗಲೇ ಅಲ್ವಾ? ಜನರೇಟರ್ ಜಾಸ್ತಿ ಓಡುವುದು, ಮನೆ ಜಾಸ್ತಿ ಮುಚ್ಚಿರುವ ದಿನಗಳಲ್ಲೇ.

ಬರೀ ಹೊಗೆಯಾಗಿದ್ದರೆ ಕಣ್ಣು ಉರಿದು ನಾವೇ ಎದ್ದು ಹೊರಗೆ ಹೋಗುತ್ತಿದ್ದೆವು. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಥಂಡಿ ಜ್ವರ ಇರಬೇಕು ಎಂದು ಕಂಬಳಿ ಹೊದ್ದು ಮಲಗಿಬಿಡುತ್ತಾರೆ. ಮಲಗಿದವರು ಹಾಗೇ ತೀರಿಕೊಳ್ಳಬಹುದು. ಜನರೇಟರ್ ಓಡುತ್ತಿರುವಾಗ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಸುಮ್ನೆ ಕೂರಬೇಡಿ. ಎಲ್ಲರೂ ಮೊದಲು ಹೊರಗೆ ಬನ್ನಿ, ಮಳೆ ಸುರಿಯುತ್ತಿದ್ದರೂ ಸರಿ. ಆಮೇಲೆ ಆಸ್ಪತ್ರೆಗೆ ಹೋಗಿ, ಜನರೇಟರ್ ಓಡುತ್ತಿತ್ತು ಎಂದು ಡಾಕ್ಟರಿಗೆ ಮರೆಯದೆ ಹೇಳಿ. ಕೊರೊನಾ ಕಾಲದಲ್ಲಿ ತಂದಿಟ್ಟ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಈ ವಿಷಯದಲ್ಲಿ ನಂಬಬೇಡಿ. ಅದಕ್ಕೆ ಈ ಅನಿಲ ಯಾವುದು, ಆಮ್ಲಜನಕ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಅಪಾಯ ಇರುವಾಗಲೂ 98, 99 ಎಂದೇ ತೋರಿಸಬಹುದು.

ಹಾಗಾದರೆ ಎಲ್ಲಿಡಬೇಕು? ಮನೆಯಿಂದ 20 ಅಡಿ ದೂರ, ಬಯಲಿನಲ್ಲಿ. ಹೊಗೆ ಪೈಪಿನ ಬಾಯಿ ಮನೆಗೆ ಬೆನ್ನು ಹಾಕಿರಬೇಕು. ಪಕ್ಕದ ಮನೆಯ ಕಿಟಕಿಗೂ ಮುಖ ಮಾಡಿರಬಾರದು. ಇಷ್ಟಕ್ಕೇ ಮುಗಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಬೀಸುವುದು ಪಡುವಣ ಗಾಳಿ. ಮನೆಯ ಪಶ್ಚಿಮಕ್ಕೆ ಮಷಿನ್ ಇಟ್ಟರೆ 20 ಅಡಿ ಇದ್ದರೂ ಗಾಳಿ ಹೊಗೆಯನ್ನು ಮನೆಯತ್ತಲೇ ತಳ್ಳುತ್ತದೆ. ಅದಕ್ಕೇ ಪೂರ್ವದ ಕಡೆ ಜಾಗ ಕೇಳುತ್ತೇವೆ. ನಮ್ಮ ಕಡೆ ಹೆಚ್ಚಿನ ಮನೆಗಳ ಬಾಗಿಲು ಪೂರ್ವಕ್ಕೇ. "ಎದುರು ಅಂಗಳದಲ್ಲಿ ಅದನ್ನಿಟ್ಟರೆ ಚೆಂದ ಕಾಣಲ್ಲ" ಎಂದು ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ. ಅವರ ಮಾತು ನಮಗೆ ಅರ್ಥವಾಗುತ್ತದೆ. ಬಾಗಿಲ ನೇರಕ್ಕೆ ಬೇಡ, ಅಂಗಳದ ಮೂಲೆ ದಾಟಿ ಇಡೋಣ, ಬೇಕಾದರೆ ನಾಲ್ಕಡಿ ಆಚೆ ದಾಸವಾಳದ ಬೇಲಿ ಹಾಕಿ. ಆದರೆ ಹಿತ್ತಲ ಬಚ್ಚಲುಮನೆ ಗೋಡೆಗೆ ಒರಗಿಸಿ ಇಡಲು ನಾವು ಒಪ್ಪುವುದಿಲ್ಲ.

ತೆಂಗಿನ ಮರ, ಅಡಿಕೆ ಮರದ ಬುಡ ಬೇಡ. ದರೆಯ ಕೆಳಗೂ ಬೇಡ, ಮಳೆಗೆ ಮಣ್ಣು ಜರಿದು ಬರುತ್ತದೆ. ಸೈಲೆಂಟ್ ಮಷಿನ್‌ಗೆ ಸದ್ದು ತಡೆಯಲು ಇರುವ ಪೆಟ್ಟಿಗೆಯೇ ಮಳೆಯನ್ನೂ ತಡೆಯುತ್ತದೆ, ಅದಕ್ಕೆ ಟಾರ್ಪಾಲ್ ಸುತ್ತಬೇಡಿ. ಸುತ್ತಿದರೆ ಬಿಸಿಗಾಳಿ ಒಳಗೇ ತಿರುಗಿ ಮಷಿನ್ ಕಾದು ನಿಲ್ಲುತ್ತದೆ. ಮಾಡು ಬೇಕೇ ಬೇಕು ಎಂದರೆ ಎತ್ತರಕ್ಕೆ ಶೀಟ್ ಹಾಕಿ, ನಾಲ್ಕೂ ಕಡೆ ತೆರೆದಿರಲಿ. ಕಾಂಕ್ರೀಟ್ ಕಟ್ಟೆ ನೀವೇ ಹಾಕಿಸಬಹುದು, ಅಳತೆ ನಾವು ಕೊಡುತ್ತೇವೆ. ಜೋರು ಮಳೆಗೆ ಅಂಗಳದಲ್ಲಿ ನೀರು ಎಲ್ಲಿವರೆಗೆ ನಿಲ್ಲುತ್ತದೆ ಎಂದು ಮನೆಯವರಿಗೇ ಗೊತ್ತು. ಕಟ್ಟೆಯ ತಲೆ ಅದಕ್ಕಿಂತ ಮೇಲಿರಬೇಕು. ಕಟ್ಟೆ ಗಟ್ಟಿಯಾಗಲು 7 ದಿನ ಅದಕ್ಕೆ ನೀರು ಕುಡಿಸಿದ ಮೇಲೆಯೇ ಮಷಿನ್ ಇಳಿಸುತ್ತೇವೆ. ಹೋಂ ಸ್ಟೇ ನಡೆಸುವವರು ದೊಡ್ಡ ಡೀಸೆಲ್ ಮಷಿನ್ ತಗೊಂಡರೆ ಹೊಗೆ ಪೈಪಿನ ಎತ್ತರಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕವೇ ಇದೆ. ಮಷಿನ್‌ನ ಸಾಮರ್ಥ್ಯ 25 ಕೆವಿಎ ಆದರೆ ಪೈಪ್ ಕಟ್ಟಡಕ್ಕಿಂತ 1 ಮೀಟರ್ ಮೇಲೆ ಹೋಗಬೇಕು.

ಇನ್ನು ಚೇಂಜ್ ಓವರ್ ಸ್ವಿಚ್. ಎರಡೂ ತುದಿಗೆ ಪಿನ್ ಇರುವ ವಯರ್ ಮಾಡಿಸಿ, ಒಂದು ತುದಿ ಜನರೇಟರಿಗೆ, ಇನ್ನೊಂದು ಅಡುಗೆಮನೆಯ ಪ್ಲಗ್ಗಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವುದನ್ನು ಸರ್ವೀಸಿಗೆ ಹೋದಲ್ಲಿ ನೋಡಿದ್ದೇವೆ. ಆ ವಯರ್ ಕೈತಪ್ಪಿ ಹೊರಗೆ ಬಂದರೆ ಬರಿಯ ಪಿನ್ನಿನಲ್ಲೇ ಕರೆಂಟ್ ಇರುತ್ತದೆ. ಮೇನ್ ಆಫ್ ಮಾಡಲು ಮರೆತರೆ ಕರೆಂಟ್ ಮೀಟರ್ ದಾಟಿ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಮನೆಗೆ ಬೇಕಾದಷ್ಟಕ್ಕೆ ಇಳಿಸುತ್ತದೆ. ಮನೆ ಕಡೆಯಿಂದ 230 ವೋಲ್ಟ್ ನುಗ್ಗಿದರೆ ಅದೇ ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಆ ಹೊತ್ತಿಗೆ ಕಂಬದ ಮೇಲೆ ಯಾರಿರುತ್ತಾರೆ ಹೇಳಿ. ಮಳೆಯಲ್ಲಿ ನೆನೆದುಕೊಂಡು ನಮಗೋಸ್ಕರ ಲೈನ್ ಸರಿಮಾಡುವ ಹುಡುಗ. ಲೈನ್ ಸತ್ತಿದೆ ಎಂದುಕೊಂಡು ಅವನು ಕೈ ಹಾಕುತ್ತಾನೆ. ಚೇಂಜ್ ಓವರ್ ಇದ್ದರೆ ಹಿಡಿ ಒಂದೇ. ಲೈನ್ ಕಡೆ ಇರುತ್ತದೆ, ಇಲ್ಲ ಜನರೇಟರ್ ಕಡೆ. ಎರಡೂ ಕೂಡುವ ದಾರಿಯೇ ಇರುವುದಿಲ್ಲ. ಫೇಸ್ ವಯರ್ ಮಾತ್ರವಲ್ಲ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವಯರ್ ಕೂಡ ಬದಲಾಗುವ ಸ್ವಿಚ್ಚನ್ನೇ ಹಾಕುತ್ತೇವೆ. ಮಷಿನ್‌ನ ಲೋಹದ ಮೈಗೆ ಎರಡು ಬೇರೆ ಬೇರೆ ಅರ್ಥಿಂಗ್ ಕೊಡುತ್ತೇವೆ.

ಈಗಾಗಲೇ ನಮ್ಮಲ್ಲಿ ಜನರೇಟರ್ ತಗೊಂಡವರು ಅದನ್ನು ಮಳೆಗೆ ಹೆದರಿ ಜಗಲಿಗೋ ಕೊಟ್ಟಿಗೆಗೋ ಸರಿಸಿದ್ದರೆ ದಯವಿಟ್ಟು ತಿಳಿಸಿ. ಬಂದು ನೋಡಲು ದುಡ್ಡು ತಗೊಳ್ಳುವುದಿಲ್ಲ. ಹೊಸ ಜಾಗಕ್ಕೆ ಬೇಕಾದ ಕೇಬಲ್ಲು, ಪೈಪಿಗೆ ಅಸಲು ಬೆಲೆ ಮಾತ್ರ. ಕೈಯಲ್ಲಿ ಎತ್ತಿಡುವ ಸಣ್ಣ ಪೆಟ್ರೋಲ್ ಮಷಿನ್ ಇರುವವರಿಗೂ ಇದೇ ಮಾತು, ಸಣ್ಣದಾದರೂ ಅದರ ಹೊಗೆಯಲ್ಲಿ ಬರುವುದು ಅದೇ ಅನಿಲ. ಮೇ ಕೊನೆಯೊಳಗೆ ಹೇಳಿದರೆ ಮಳೆ ಹಿಡಿಯುವ ಮೊದಲು ಕಟ್ಟೆ ಒಣಗಲು ಸಮಯ ಸಿಗುತ್ತದೆ. ನಾವು ಬರುವ ದಿನ ತಟ್ಟಿ ಎಲ್ಲೆಲ್ಲಿ ಕಟ್ಟುತ್ತೀರಿ ಎಂದು ತೋರಿಸಲು ಮನೆಯವರೊಬ್ಬರು ಇದ್ದರೆ ಸಾಕು.

ಇಂತಿ,
ನಿಮ್ಮ ಜನರೇಟರ್ ಅಂಗಡಿಯವರು