ಕಂಡದ್ದನ್ನಷ್ಟೇ ನಂಬುತ್ತೇನೆ ಎನ್ನುವ ಮೊಮ್ಮಗಳಿಗೆ

ಚಿತ್ರದುರ್ಗ

ಚಿರಂಜೀವಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ದಾವಣಗೆರೆಯ ಹಾಸ್ಟೆಲಿನಲ್ಲಿ ದಿನ ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಸುಳ್ಳು ಸುದ್ದಿ, ನಕಲಿ ವಿಡಿಯೊಗಳಿಂದ ರೋಸಿಹೋಗಿ, ಇನ್ನು ಮೇಲೆ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುವುದಿಲ್ಲ ಎಂದು ಬರೆದಿದ್ದೀಯೆ. ನಿನ್ನ ಸಿಟ್ಟು ನ್ಯಾಯವಾದದ್ದು. ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಪ್ರತ್ಯಕ್ಷವೊಂದೇ, ಅಂದರೆ ಇಂದ್ರಿಯಗಳಿಗೆ ನೇರವಾಗಿ ಕಂಡದ್ದೊಂದೇ, ಪ್ರಮಾಣ (ತಿಳಿವಿಗೆ ಆಧಾರ) ಎಂದು ನಮ್ಮ ಪ್ರಾಚೀನ ಭೌತವಾದಿಗಳಾದ ಚಾರ್ವಾಕರು ನಿನಗಿಂತ ಎಷ್ಟೋ ಮೊದಲೇ ವಾದಿಸಿದ್ದರು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಅದರ ಜೊತೆಗೆ ಅನುಮಾನ (ಕಂಡದ್ದರಿಂದ ಕಾಣದ್ದನ್ನು ಊಹಿಸುವುದು), ಉಪಮಾನ (ಹೋಲಿಕೆಯಿಂದ ಅರಿಯುವುದು), ಶಬ್ದ (ನಂಬಬಹುದಾದವರ ಮಾತು) ಎಂಬ ಮೂರನ್ನು ಒಪ್ಪಿದರು. ಚಾರ್ವಾಕರನ್ನು ಹೀಗಳೆಯಬೇಡ, ಎದುರಾಳಿಗಳು ತಮ್ಮ ತರ್ಕವನ್ನು ಬಿಗಿಗೊಳಿಸಿಕೊಳ್ಳಬೇಕಾದದ್ದು ಅವರ ಪ್ರಶ್ನೆಗಳಿಂದಲೇ. ಆದರೆ ನೀನು ಹುಟ್ಟಿದ ದಿನ ಯಾವುದೆಂದು ನಿನಗೆ ಹೇಗೆ ಗೊತ್ತು? ನೀನು ಅಲ್ಲೇ ಇದ್ದೆ, ಆದರೂ ಅದನ್ನು ಅಮ್ಮನ ಬಾಯಿಂದಲೇ ಕೇಳಿ ತಿಳಿಯಬೇಕಾಯಿತು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಯನ್ನು ನೆನಪಿಸಿಕೋ. ಕುರಿ ಕಾಯುವವರು ಆ ಗೀರುಗಳನ್ನು ಎಷ್ಟು ತಲೆಮಾರು ಕಂಡಿರಬೇಕು! ತಂದೆತಾಯಿಯರ ಮಾತು ಕೇಳಬೇಕು, ಸತ್ಯವನ್ನು ನುಡಿಯಬೇಕು ಎಂದು ಅಲ್ಲಿ ಬರೆದಿರುವುದು ಬರಿಗಣ್ಣಿಗೆ ಗೊತ್ತಾಗುವಂಥದ್ದಲ್ಲ. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಪ್ರಾಚೀನ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದ್ದರಿಂದಲೇ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನವನ್ನು ಪತ್ತೆಮಾಡಿದಾಗ ಅದನ್ನು ಓದಲು ಸಾಧ್ಯವಾಯಿತು. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿ ಎಂಬ ಇನ್ನೊಂದು ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ವಾಯವ್ಯದ ಗಾಂಧಾರದ ಕಡೆ. ಆದ್ದರಿಂದ ಅವನಿಗೆ ಆ ಸೀಮೆಯ ನಂಟಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. ಕಣ್ಣು, ಊಹೆ, ಪರರ ಮಾತು, ಈ ಮೂರರಲ್ಲಿ ಒಂದನ್ನು ಕಿತ್ತುಹಾಕಿದರೂ ಆ ಬಂಡೆ ಮತ್ತೆ ಮೂಕವಾಗುತ್ತದೆ.

ಇನ್ನೊಂದು ಸಂಗತಿ. ಬ್ರಹ್ಮಗಿರಿಯ ಶಾಸನದಲ್ಲಿ ಅಶೋಕ ಎಂಬ ಹೆಸರಿಲ್ಲ, 'ದೇವಾನಾಂಪ್ರಿಯ' (ದೇವರಿಗೆ ಪ್ರಿಯನಾದವನು) ಎಂಬ ಬಿರುದಷ್ಟೇ ಇದೆ. ಇಬ್ಬರೂ ಒಬ್ಬರೇ ಎಂದು ಸಿಂಹಳದ ಇತಿಹಾಸ ಗ್ರಂಥಗಳ ಆಧಾರದಿಂದ ಮೊದಲೇ ನಂಬಿದ್ದರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು. ನಂಬಿಕೆ ಮೊದಲೂ ನಿಜವೇ ಆಗಿತ್ತು. ಅದರ ಬುಡ ಗಟ್ಟಿಯಾದದ್ದು ಆಮೇಲೆ.

ನಂಬಿಕೆ ನಿಜವಾಗಿರುವುದಕ್ಕೂ ಅದರ ಬುಡ ಗಟ್ಟಿಯಾಗಿರುವುದಕ್ಕೂ ಇರುವ ಈ ವ್ಯತ್ಯಾಸವೇ ನನಗೆ ಬಹಳ ಮುಖ್ಯವೆನಿಸುತ್ತದೆ. ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಇದಕ್ಕೊಂದು ಉದಾಹರಣೆ ಕೊಡುತ್ತಾನೆ. ಮಾಂಸ ಸುಡಲು ಯಾರೋ ಆಗತಾನೇ ಬೆಂಕಿ ಹೊತ್ತಿಸಿದ್ದಾರೆ, ಇನ್ನೂ ಹೊಗೆ ಎದ್ದಿಲ್ಲ. ಮಾಂಸದ ವಾಸನೆಗೆ ಹುಳುಗಳು ಮುತ್ತಿವೆ. ದೂರದಿಂದ ನೋಡಿದವನು ಅದನ್ನೇ ಹೊಗೆಯೆಂದು ಭ್ರಮಿಸಿ 'ಅಲ್ಲಿ ಬೆಂಕಿಯಿದೆ' ಎನ್ನುತ್ತಾನೆ. ಬೆಂಕಿ ಇರುವುದು ನಿಜ. ಆದರೆ ಅವನಿಗೆ ಅದು ತಿಳಿದಿತ್ತು ಎನ್ನಬಹುದೇ? ನಮ್ಮೂರ ಪಕ್ಕದ ಜೋಗಿಮಟ್ಟಿ ಬೆಟ್ಟದ ಕಡೆ ನೋಡುವಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಇದೇ ತೊಡಕನ್ನು 1963ರಲ್ಲಿ ಅಮೆರಿಕದ ತತ್ವಜ್ಞ ಎಡ್ಮಂಡ್ ಗೆಟಿಯರ್ ಬೇರೆ ಉದಾಹರಣೆಗಳೊಂದಿಗೆ ಮೂರೇ ಪುಟಗಳಲ್ಲಿ ಮಂಡಿಸಿದಾಗ ಪಶ್ಚಿಮದ ತತ್ವಶಾಸ್ತ್ರದಲ್ಲಿ ಕೋಲಾಹಲವೇ ಎದ್ದಿತು. ನೋಡು, ಆ ಹುಳುಗಳನ್ನು ಕಂಡವನು ಕಣ್ಣಾರೆಯೇ ಕಂಡಿದ್ದ.

ಹಾಗಾದರೆ ಯಾರ ಮಾತನ್ನು ನಂಬಬೇಕು? ಆಪ್ತನ ಮಾತೇ ಶಬ್ದಪ್ರಮಾಣ ಎನ್ನುತ್ತದೆ ನೈಯಾಯಿಕರ ಮೂಲಗ್ರಂಥ ನ್ಯಾಯಸೂತ್ರ. ಆಪ್ತನೆಂದರೆ ವಿಷಯವನ್ನು ಸ್ವತಃ ಅರಿತವನು, ಅರಿತದ್ದನ್ನು ಅರಿತಂತೆಯೇ ಹೇಳಬಯಸುವವನು ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಋಷಿಗೂ ಆರ್ಯನಿಗೂ ಹೊರಗಿನವನೆನಿಸಿದ ಮ್ಲೇಚ್ಛನಿಗೂ ಈ ಲಕ್ಷಣ ಸಮಾನ ಎಂದು ಸೇರಿಸುತ್ತಾನೆ. ಆ ಮಾತಿಗೆ ನಾನು ತಲೆಬಾಗುತ್ತೇನೆ. ಕುಲ, ಪದವಿ ನೋಡಬೇಡ. ಇವರಿಗೆ ಇದು ಹೇಗೆ ಗೊತ್ತಾಯಿತು, ಇದ್ದದ್ದನ್ನು ಇದ್ದಂತೆ ಹೇಳುವ ಮನಸ್ಸು ಇವರಿಗಿದೆಯೇ ಎಂದು ಕೇಳು. ಬಂದದ್ದನ್ನು ಬಂದ ಹಾಗೇ ಮುಂದಕ್ಕೆ ತಳ್ಳುವವರು ಮೊದಲ ಪ್ರಶ್ನೆಗೇ ನಿರುತ್ತರರಾಗುತ್ತಾರೆ.

ಓಬವ್ವನ ಕಥೆಯನ್ನೂ ಇನ್ನು ನಂಬಲಾರೆ ಎಂದಿದ್ದೀಯೆ. ಕೋಟೆಯ ಕಿಂಡಿ ಇಂದಿಗೂ ಇದೆ; ಒಬ್ಬೊಬ್ಬರೇ ಮೈ ಕುಗ್ಗಿಸಿ ನುಸುಳಬೇಕು. ಕಲ್ಲು ಹೇಳುವುದು ಅಷ್ಟನ್ನೇ. ಹೈದರಾಲಿಯ ಮುತ್ತಿಗೆಯಲ್ಲಿ ಒನಕೆ ಹಿಡಿದು ಅಲ್ಲಿ ನಿಂತವಳು ಯಾರೆಂಬುದನ್ನು ಉಳಿಸಿಕೊಂಡು ಬಂದದ್ದು ಜನರ ನೆನಪು. ಕಲ್ಲಿನ ಸಾಕ್ಷಿಗೆ ಅದರ ತೂಕ ಕೊಡು, ನೆನಪಿಗೆ ಅದರ ತೂಕ ಕೊಡು. ಎರಡನ್ನೂ ಒಂದೇ ಎನ್ನಬೇಡ. ದಾಖಲೆ ಕೈಗೆ ಸಿಗದ ಮಾತ್ರಕ್ಕೆ ಸುಳ್ಳು ಎಂದೂ ಅನ್ನಬೇಡ. ಹಾಗೆ ಅನ್ನುವುದಕ್ಕೂ ಆಧಾರ ಬೇಕಲ್ಲವೇ?

ಇದೇ ವಿಷಯಕ್ಕೆ ಅಮ್ಮನೊಡನೆ ಮಾತು ಬಿಟ್ಟಿದ್ದೀಯಂತೆ. ಇಂದು ರಾತ್ರಿಯೇ ಫೋನ್ ಮಾಡು. ನನ್ನ ವಾದದಲ್ಲಿ ಎಲ್ಲಿ ಬಿರುಕು ಕಂಡರೂ ಮುಲಾಜಿಲ್ಲದೆ ಬರೆ.

ನಿನ್ನ ಪ್ರೀತಿಯ
ಅಜ್ಜ